ಬಿಟ್ಟದ್ದರಿಂದ ಹುಟ್ಟಿದ ಸದ್ದು

1981ರಲ್ಲಿ ಕಿಂಗ್ ಕ್ರಿಮ್ಸನ್ ಎಂಬ ಬ್ರಿಟಿಷ್ ಬ್ಯಾಂಡು ‘ಡಿಸಿಪ್ಲಿನ್’ ಎಂಬ ಆಲ್ಬಂ ಹೊರತಂದಿತು. ಅದರ ಹಿಂದಿನ ಸ್ಟುಡಿಯೊ ಆಲ್ಬಂ ಬಂದು ಏಳು ವರ್ಷವಾಗಿತ್ತು. ಹಳೆಯ ಹೆಸರನ್ನು ನಂಬಿ ರೆಕಾರ್ಡ್ ಕೊಂಡವರಿಗೆ ಮೊದಲ ಹಾಡಿನಲ್ಲೇ ದಿಕ್ಕು ತಪ್ಪಿರಬೇಕು. ಗಿಟಾರೂ ಅಲ್ಲದ, ಬೇಸ್ ಗಿಟಾರೂ ಅಲ್ಲದ ಒಂದು ತಂತಿವಾದ್ಯ ಬೆರಳ ತುದಿಯ ಬಡಿತದಲ್ಲಿ ಚಕಚಕನೆ ಓಡುತ್ತದೆ. ಡ್ರಮ್ಸ್ ಕುಣಿಯಬಹುದಾದ ಲಯವೊಂದನ್ನು ಹಿಡಿಯುತ್ತದೆ. ಆಮೇಲೆ ಅಮೆರಿಕನ್ ಉಚ್ಚಾರದ ಗಾಯಕನೊಬ್ಬ ಬರುತ್ತಾನೆ. ಅವನು ರಾಗವಾಗಿ ಹಾಡುವುದಿಲ್ಲ. ಮಾತಿಗೆ ಸಂಬಂಧಿಸಿದ ಇಂಗ್ಲಿಷ್ ಪದಗಳನ್ನು ಎ, ಬಿ, ಸಿ, ಡಿ ಎಂದು ಅಕ್ಷರದ ಕ್ರಮದಲ್ಲಿ ಎಸೆಯುತ್ತಾ ಹೋಗುತ್ತಾನೆ. ನಡುನಡುವೆ ಅವನ ಗಿಟಾರು ಆನೆಯ ಹಾಗೆ ಘೀಳಿಡುತ್ತದೆ. ಹಾಡಿನ ಹೆಸರೂ ‘ಎಲಿಫೆಂಟ್ ಟಾಕ್’.

ಹಳೆಯ ಕೇಳುಗರು ಕಾಯುತ್ತಿದ್ದ ಯಾವುದೂ ಅಲ್ಲಿರಲಿಲ್ಲ. ಮೆಲೊಟ್ರಾನ್ ಇಲ್ಲ, ಪಿಟೀಲು ಇಲ್ಲ, ಸ್ಯಾಕ್ಸೊಫೋನ್ ಇಲ್ಲ, ಹತ್ತು ಹನ್ನೆರಡು ನಿಮಿಷ ಏರಿ ಇಳಿಯುವ ಮಹಾಗೀತೆಗಳಿಲ್ಲ. ಪ್ರಗತಿಪರ ರಾಕ್ ಎಂದು ನಾವು ಕರೆಯುವ ಪ್ರೊಗ್ರೆಸಿವ್ ರಾಕ್ ಪ್ರಕಾರದ ಚರಿತ್ರೆಯಲ್ಲಿ ಸದ್ದು ಬದಲಾಯಿಸಿದ ಬ್ಯಾಂಡುಗಳು ಬೇಕಾದಷ್ಟಿವೆ. ಆದರೆ ಈ ಒಂದು ಆಲ್ಬಮ್ಮಿನಷ್ಟು ಪೂರ್ತಿಯಾಗಿ, ಇಷ್ಟು ಯೋಚನೆ ಮಾಡಿ, ಇಷ್ಟು ಫಲ ಕಂಡು ಬದಲಾದದ್ದು ಅಪರೂಪ. ಅದು ಹೇಗಾಯಿತು ಎಂದು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ: ಹೊಸ ಸದ್ದು ಹೊಸ ವಾದ್ಯದಿಂದ ಬರುವುದಕ್ಕಿಂತ ಹೆಚ್ಚಾಗಿ, ಕೈಗೆ ಒಗ್ಗಿಹೋದದ್ದನ್ನು ಬೇಕೆಂದೇ ಬಿಡುವುದರಿಂದ ಬರುತ್ತದೆ.

ಮೊದಲು ಹಿನ್ನೆಲೆ. ಕಿಂಗ್ ಕ್ರಿಮ್ಸನ್ ಬ್ಯಾಂಡಿನ ಮೊದಲ ಆಲ್ಬಂ ‘ಇನ್ ದ ಕೋರ್ಟ್ ಆಫ್ ದ ಕ್ರಿಮ್ಸನ್ ಕಿಂಗ್’ ಬಂದದ್ದು 1969ರ ಅಕ್ಟೋಬರಿನಲ್ಲಿ. ಅದಕ್ಕೆ ಮೂರು ತಿಂಗಳ ಮೊದಲು ಲಂಡನ್ನಿನ ಹೈಡ್ ಪಾರ್ಕಿನಲ್ಲಿ ರೋಲಿಂಗ್ ಸ್ಟೋನ್ಸ್ ಕಛೇರಿಗೆ ಮುಂಚೆ ನುಡಿಸಿ ಈ ಹೊಸಬರು ಜನರ ಗಮನ ಸೆಳೆದಿದ್ದರು. ಆ ಆಲ್ಬಮ್ಮಿನ ಸದ್ದಿಗೆ ಜೀವಾಳವಾಗಿದ್ದುದು ಮೆಲೊಟ್ರಾನ್. ನೋಡಲು ಕೀಬೋರ್ಡು, ಒಳಗೆ ಒಂದೊಂದು ಮನೆಗೂ ಒಂದೊಂದು ಟೇಪು. ಮನೆ ಒತ್ತಿದರೆ ಪಿಟೀಲುಗಳ ಗುಂಪೋ ಕೊಳಲೋ ಮೊದಲೇ ನುಡಿಸಿ ಮುದ್ರಿಸಿಟ್ಟ ಸ್ವರ ಕೆಲವು ಸೆಕೆಂಡು ಮೊಳಗಿ, ಟೇಪು ಮುಗಿದೊಡನೆ ನಿಂತುಬಿಡುತ್ತದೆ. ನಾಲ್ಕೈದು ಜನರ ರಾಕ್ ಬ್ಯಾಂಡಿಗೆ ಇಡೀ ಆರ್ಕೆಸ್ಟ್ರಾದ ಭಾರ ತಂದುಕೊಟ್ಟದ್ದು ಇದು. ಯುರೋಪಿನ ಶಾಸ್ತ್ರೀಯ ಸಂಗೀತದ ವಿಸ್ತಾರ, ಜಾಝ್‌ನ ಮನೋಧರ್ಮ, ರಾಕ್‌ನ ಅಬ್ಬರ ಮೂರನ್ನೂ ಸೇರಿಸಿದ ಈ ದಾರಿಯಲ್ಲಿ ಯೆಸ್, ಜೆನೆಸಿಸ್, ಎಮರ್ಸನ್ ಲೇಕ್ ಅಂಡ್ ಪಾಮರ್ ಮೊದಲಾದವರು ಎಪ್ಪತ್ತರ ದಶಕದಲ್ಲಿ ದೊಡ್ಡ ಸಾಮ್ರಾಜ್ಯಗಳನ್ನೇ ಕಟ್ಟಿದರು.

ಕಿಂಗ್ ಕ್ರಿಮ್ಸನ್ ಮಾತ್ರ ಒಂದೆಡೆ ನೆಲೆ ನಿಲ್ಲಲಿಲ್ಲ. 1969ರಿಂದ 1974ರ ಒಳಗೆ ಏಳು ಸ್ಟುಡಿಯೊ ಆಲ್ಬಂಗಳು ಬಂದವು. ಪ್ರತಿ ಸಲವೂ ಎನ್ನುವಷ್ಟು ಕಲಾವಿದರು ಬದಲಾದರು. ಮೊದಲಿಂದ ಕೊನೆಯವರೆಗೆ ಉಳಿದವರು ಗಿಟಾರ್ ವಾದಕ ರಾಬರ್ಟ್ ಫ್ರಿಪ್ ಒಬ್ಬರೇ. ಸ್ಟೂಲಿನ ಮೇಲೆ ಕೂತು, ಕಣ್ಣು ಗಿಟಾರಿನ ಮೇಲಿಟ್ಟು, ವೇದಿಕೆಯ ಮೇಲೆ ಕುಣಿದಾಡದೆ ನುಡಿಸುವ ಮನುಷ್ಯ ಅವರು. 1972ರಲ್ಲಿ ಯೆಸ್ ಬ್ಯಾಂಡು ಜನಪ್ರಿಯತೆಯ ತುದಿಯಲ್ಲಿದ್ದಾಗ ಅದನ್ನು ಬಿಟ್ಟು ಬಂದ ಡ್ರಮ್ಮರ್ ಬಿಲ್ ಬ್ರೂಫರ್ಡ್, ಬೇಸ್ ಗಿಟಾರ್ ಮತ್ತು ಗಾಯನಕ್ಕೆ ಜಾನ್ ವೆಟ್ಟನ್ ಸೇರಿದ ಮೇಲೆ ಬ್ಯಾಂಡಿನ ಸದ್ದು ಒರಟಾಯಿತು, ದಟ್ಟವಾಯಿತು. ಈ ಮೂವರ 1974ರ ‘ರೆಡ್’ ಆಲ್ಬಂ ಇಂದಿಗೂ ಹೆವಿ ಮೆಟಲ್ ಕಲಾವಿದರು ಗೌರವದಿಂದ ನೆನೆಯುವ ಕೃತಿ. ಅದು ಅಂಗಡಿಗೆ ಬರುವ ಹೊತ್ತಿಗೆ ಬ್ಯಾಂಡೇ ಇರಲಿಲ್ಲ. ಕಿಂಗ್ ಕ್ರಿಮ್ಸನ್ ಮುಗಿಯಿತು ಎಂದು ಫ್ರಿಪ್ ಘೋಷಿಸಿಬಿಟ್ಟಿದ್ದರು. ಲಾರಿಗಟ್ಟಲೆ ಸಾಮಾನು, ದೊಡ್ಡ ಪರಿವಾರ ಹೊತ್ತು ತಿರುಗುವ ಬ್ಯಾಂಡುಗಳ ಕಾಲ ಕಳೆಯಿತು, ಇನ್ನು ಚಿಕ್ಕ, ಚುರುಕಾದ, ಬೇಕಾದಲ್ಲಿಗೆ ಹೋಗಬಲ್ಲ ತಂಡಗಳ ಕಾಲ ಎಂಬುದು ಅವರ ನಂಬಿಕೆಯಾಗಿತ್ತು.

ಎರಡೇ ವರ್ಷದಲ್ಲಿ ಅದು ನಿಜವಾಗತೊಡಗಿತು. 1976, 77ರಲ್ಲಿ ಲಂಡನ್ನಿನಿಂದ ಎದ್ದ ಪಂಕ್ ಅಲೆಗೆ ಇಪ್ಪತ್ತು ನಿಮಿಷದ ಹಾಡುಗಳು, ಕೀಬೋರ್ಡು ಕೋಟೆಗಳು, ಪುರಾಣದ ಕತೆಗಳು ಎಲ್ಲವೂ ಉಳ್ಳವರ ಆಡಂಬರವಾಗಿ ಕಂಡವು. ಮೂರು ಕಾರ್ಡ್ ಬಂದರೆ ಸಾಕು, ಹೇಳುವುದಿದ್ದರೆ ಹೇಳು, ಎರಡು ನಿಮಿಷದಲ್ಲಿ ಮುಗಿಸು ಎಂದಿತು ಹೊಸ ತಲೆಮಾರು. ಪ್ರೊಗ್ರೆಸಿವ್ ರಾಕ್‌ನ ಹಿರಿಯರ ಮುಂದೆ ಪ್ರಶ್ನೆ ನಿಂತಿತು: ಮುಂದೇನು?

ಹೆಚ್ಚಿನವರು ಕಂಡುಕೊಂಡ ಉತ್ತರ, ಹಾಡನ್ನು ಚಿಕ್ಕದು ಮಾಡುವುದು. ಜೆನೆಸಿಸ್ 1981ರಲ್ಲೇ ‘ಅಬಕ್ಯಾಬ್’ ತಂದು ತನ್ನ ಹಳೆಯ ನಾಟಕೀಯ ಶೈಲಿಯನ್ನು ಬಹುಮಟ್ಟಿಗೆ ಕಳಚಿತು. ಯೆಸ್ 1983ರ ‘90125’ ಆಲ್ಬಮ್ಮಿನಲ್ಲಿ ರೇಡಿಯೊಗೆ ಒಪ್ಪುವ ಹೊಳಪಿನ ರಾಕ್ ನುಡಿಸಿ ಅಮೆರಿಕದಲ್ಲಿ ತನ್ನ ಅತಿ ದೊಡ್ಡ ಯಶಸ್ಸು ಕಂಡಿತು. ಜಾನ್ ವೆಟ್ಟನ್ ಸೇರಿಕೊಂಡ ಏಷ್ಯಾ ಎಂಬ ಬ್ಯಾಂಡಿನ ಮೊದಲ ಆಲ್ಬಂ 1982ರಲ್ಲಿ ಅಮೆರಿಕದ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಕೆನಡಾದ ರಷ್ ಬ್ಯಾಂಡು 1981ರ ಆರಂಭದಲ್ಲಿ ‘ಮೂವಿಂಗ್ ಪಿಕ್ಚರ್ಸ್’ ತಂದು, ಜಟಿಲ ಲಯವನ್ನು ಚಿಕ್ಕ ಹಾಡಿನೊಳಗೆ ಹೇಗೆ ಕೂರಿಸಬಹುದೆಂದು ತೋರಿಸಿತು. ಇವುಗಳಲ್ಲಿ ಒಳ್ಳೆಯ ಹಾಡುಗಳಿವೆ, ಅವುಗಳನ್ನು ಪ್ರೀತಿಸುವವರ ದೊಡ್ಡ ಬಳಗವೇ ಇದೆ. ಆದರೆ ಇವೆಲ್ಲವೂ ಬಹುಪಾಲು ಇದ್ದ ಮನೆಯನ್ನು ಕಾಲಕ್ಕೆ ತಕ್ಕಂತೆ ದುರಸ್ತಿ ಮಾಡಿದ ಕೆಲಸಗಳು. ಫ್ರಿಪ್ ಪಾಯದಿಂದಲೇ ಬೇರೆ ಮನೆ ಕಟ್ಟಲು ಹೊರಟರು.

ಅವರ ನಡುವಿನ ಏಳು ವರ್ಷಗಳನ್ನು ತಿಳಿಯದೆ ‘ಡಿಸಿಪ್ಲಿನ್’ ಅರ್ಥವಾಗುವುದಿಲ್ಲ. ಬ್ಯಾಂಡು ಮುಗಿಸಿದ ಮೇಲೆ ಫ್ರಿಪ್ ಇಂಗ್ಲೆಂಡಿನ ಶೆರ್ಬೋರ್ನ್ ಎಂಬಲ್ಲಿ, ಗುರ್ಜೀಫ್ ಎಂಬ ಚಿಂತಕನ ಹಾದಿಯಲ್ಲಿ ಜೆ.ಜಿ. ಬೆನೆಟ್ ಆರಂಭಿಸಿದ್ದ ಆಶ್ರಮದಂಥ ಶಾಲೆಗೆ ಸೇರಿದರು. ದೇಹಶ್ರಮ, ಮೌನ, ಗಮನದ ಅಭ್ಯಾಸ ಅಲ್ಲಿನ ಪಾಠ. ಅಲ್ಲಿಂದ ಹೊರಬಂದು 1977ರಲ್ಲಿ ನ್ಯೂಯಾರ್ಕಿಗೆ ಹೋದರು. ಆ ವರ್ಷವೇ ಬರ್ಲಿನ್ನಿಗೆ ಹೋಗಿ ಡೇವಿಡ್ ಬೋವಿಯ ‘ಹೀರೋಸ್’ ಹಾಡಿನಲ್ಲಿ ಆ ಎಳೆದಷ್ಟೂ ಮುಗಿಯದ ಗಿಟಾರ್ ಸ್ವರಗಳನ್ನು ನುಡಿಸಿದರು. ನ್ಯೂಯಾರ್ಕಿನಲ್ಲಿ ಹೊಸ ಅಲೆಯ ಬ್ಯಾಂಡುಗಳ ಜೊತೆ ಒಡನಾಡಿದರು. ಎರಡು ಟೇಪ್ ರೆಕಾರ್ಡರುಗಳ ನಡುವೆ ಒಂದೇ ಟೇಪು ಹಾಯಿಸಿ, ತಾನು ನುಡಿಸಿದ್ದೇ ಕೆಲವು ಸೆಕೆಂಡು ಬಿಟ್ಟು ಮರಳಿ ಬರುವಂತೆ ಮಾಡಿ, ಅದರ ಮೇಲೆ ಮತ್ತೆ ಮತ್ತೆ ಪದರ ಹೊದೆಸುವ ವಿಧಾನದಲ್ಲಿ ಒಬ್ಬರೇ ಕಛೇರಿ ಕೊಟ್ಟರು. ಸಂಗೀತಗಾರ ಬ್ರಯನ್ ಈನೋ ಜೊತೆ 1972ರಲ್ಲೇ ಈ ಪ್ರಯೋಗ ನಡೆಸಿದ್ದರು. ಆಮೇಲೆ 1980ರಲ್ಲಿ ಲೀಗ್ ಆಫ್ ಜಂಟಲ್‌ಮೆನ್ ಎಂಬ ಚಿಕ್ಕ ತಂಡ ಕಟ್ಟಿ ಕ್ಲಬ್ಬುಗಳಲ್ಲಿ ಕುಣಿತಕ್ಕೆ ನುಡಿಸಿದರು. ಮರುಕಳಿಸುವ ಸ್ವರಮಾಲೆ, ಕುಣಿಸುವ ಲಯ, ತನ್ನನ್ನು ತಾನು ಹದ್ದಿನಲ್ಲಿಟ್ಟುಕೊಳ್ಳುವ ಅಭ್ಯಾಸ ಎಂಬ ಮೂರೂ ಎಳೆಗಳು 1981ರ ಹೊತ್ತಿಗೆ ಅವರ ಕೈಯಲ್ಲಿದ್ದವು.

ಹೊಸ ತಂಡಕ್ಕೆ ಹಳಬರಲ್ಲಿ ಕರೆದದ್ದು ಬ್ರೂಫರ್ಡ್ ಅವರನ್ನು ಮಾತ್ರ. ಉಳಿದಿಬ್ಬರೂ ಅಮೆರಿಕನ್ನರು, ಅಲ್ಲಿಯವರೆಗೆ ಪೂರ್ತಿ ಬ್ರಿಟಿಷರದಾಗಿದ್ದ ಬ್ಯಾಂಡಿಗೆ ಇದೇ ದೊಡ್ಡ ಬದಲಾವಣೆ. ಟೋನಿ ಲೆವಿನ್ ಪೀಟರ್ ಗೇಬ್ರಿಯಲ್ ಅವರ ಬೇಸ್ ವಾದಕ, ಜಾನ್ ಲೆನನ್ ಅವರ ‘ಡಬಲ್ ಫ್ಯಾಂಟಸಿ’ಯಲ್ಲಿ ನುಡಿಸಿದವರು. ಅವರು ಚಾಪ್‌ಮನ್ ಸ್ಟಿಕ್ ಎಂಬ ಹತ್ತು ತಂತಿಯ ವಾದ್ಯವನ್ನೂ ತಂದರು. ಎಮೆಟ್ ಚಾಪ್‌ಮನ್ ಎಂಬವರು ರೂಪಿಸಿದ ಈ ವಾದ್ಯವನ್ನು ಮೀಟುವುದಿಲ್ಲ. ಎರಡೂ ಕೈಗಳ ಬೆರಳುಗಳಿಂದ ತಂತಿಗಳನ್ನು ಮೆಟ್ಟಿಲ ಮೇಲೆ ತಟ್ಟುತ್ತಾರೆ. ಹಾಗಾಗಿ ಒಂದು ಕೈ ಮಂದ್ರದಲ್ಲಿರುವಾಗ ಇನ್ನೊಂದು ಕೈ ಮೇಲಿನ ಸ್ಥಾಯಿಯಲ್ಲಿ ಬೇರೆಯದೇ ನುಡಿಸಬಹುದು. ‘ಎಲಿಫೆಂಟ್ ಟಾಕ್’ ಆರಂಭದಲ್ಲಿ ಚಕಚಕನೆ ಓಡುವುದು ಇದೇ.

ನಾಲ್ಕನೆಯವರು ಏಡ್ರಿಯನ್ ಬಿಲೂ. ಕೆಂಟಕಿಯಲ್ಲಿ ಹುಟ್ಟಿ, ಬಾರುಗಳಲ್ಲಿ ಇತರರ ಹಾಡು ನುಡಿಸುತ್ತಿದ್ದಾಗ ಫ್ರ್ಯಾಂಕ್ ಝಾಪಾ ಕಣ್ಣಿಗೆ ಬಿದ್ದವರು. ಆಮೇಲೆ ಬೋವಿ, ಆಮೇಲೆ ಟಾಕಿಂಗ್ ಹೆಡ್ಸ್ ಬ್ಯಾಂಡಿನ ‘ರಿಮೇನ್ ಇನ್ ಲೈಟ್’. ಗಿಟಾರಿನಿಂದ ಆನೆ, ಕಡಲಹಕ್ಕಿ, ಸೈರನ್ ಏನನ್ನು ಬೇಕಾದರೂ ಹೊರಡಿಸಬಲ್ಲ ಕಲಾವಿದ, ಹಾಡುಗಾರ, ಗೀತೆ ಬರೆಯುವವ. ಕಿಂಗ್ ಕ್ರಿಮ್ಸನ್ ಚರಿತ್ರೆಯಲ್ಲಿ ಫ್ರಿಪ್ ತನ್ನ ಪಕ್ಕದಲ್ಲಿ ಇನ್ನೊಬ್ಬ ಗಿಟಾರ್ ವಾದಕನನ್ನು ಕೂರಿಸಿಕೊಂಡದ್ದು ಇದೇ ಮೊದಲು. ಅಲ್ಲಿಯವರೆಗೆ ಗಿಟಾರ್ ಅವರೊಬ್ಬರದೇ ರಾಜ್ಯವಾಗಿತ್ತು. ಅದನ್ನು ಹಂಚಿಕೊಂಡದ್ದು ಬಿಟ್ಟುಕೊಟ್ಟವುಗಳಲ್ಲಿ ಮೊದಲನೆಯದು.

ಎರಡನೆಯದು ಬ್ರೂಫರ್ಡ್ ಬಿಡಬೇಕಾಗಿ ಬಂದದ್ದು. ಡ್ರಮ್ಸ್ ಕೇಳುವಾಗ ನಮ್ಮ ಕಿವಿ ಅರಿವಿಲ್ಲದೆಯೇ ಆತುಕೊಳ್ಳುವುದು ಹೈ-ಹ್ಯಾಟ್ ಮತ್ತು ಸಿಂಬಲ್‌ಗಳ ಮೇಲೆ. ಆ ಕಂಚಿನ ತಟ್ಟೆಗಳ ಚಿಸ್ ಚಿಸ್ ಸದ್ದು ಕಾಲವನ್ನು ಸಮನಾಗಿ ಹೋಳು ಮಾಡುತ್ತಾ ಹೋಗುತ್ತದೆ. ರಾಕ್‌ನಲ್ಲೂ ಜಾಝ್‌ನಲ್ಲೂ ಡ್ರಮ್ಮರ್‌ನ ಬಲಗೈಗೆ ಅದು ಉಸಿರಾಟದಷ್ಟು ಸಹಜ. ಅದನ್ನು ಆದಷ್ಟು ದೂರವಿಡಬೇಕೆಂದು ಫ್ರಿಪ್ ಕೇಳಿದರು. ಕಾರಣ ಸರಳ. ಎರಡು ಗಿಟಾರುಗಳು ಮೇಲಿನ ಸ್ಥಾಯಿಗಳಲ್ಲಿ ಸಣ್ಣ ಸಣ್ಣ ಸ್ವರಗಳನ್ನು ಎಡೆಬಿಡದೆ ನೇಯುವಾಗ ಸಿಂಬಲ್‌ನ ಸದ್ದು ಅದೇ ಜಾಗಕ್ಕೆ ನುಗ್ಗಿ ಎಳೆಗಳನ್ನು ಮಸುಕು ಮಾಡುತ್ತದೆ. ಜಾಗ ತೆರವಾದರೆ ಪ್ರತಿ ಸ್ವರವೂ ಬಿಡಿಬಿಡಿಯಾಗಿ ಕೇಳುತ್ತದೆ. ಕಾಲವನ್ನು ಅಳೆಯುವ ಕೆಲಸ ಡ್ರಮ್ಸ್‌ನಿಂದ ಗಿಟಾರುಗಳಿಗೆ ಹೋಗುತ್ತದೆ. ಡ್ರಮ್ಮರ್ ಚರ್ಮವಾದ್ಯದ, ಮರದ, ಆಗತಾನೇ ಬಂದಿದ್ದ ಸಿಮನ್ಸ್ ಎಲೆಕ್ಟ್ರಾನಿಕ್ ಡ್ರಮ್ಮಿನ ಸದ್ದುಗಳನ್ನು ಹುಡುಕಿಕೊಳ್ಳುತ್ತಾನೆ. ‘ದ ಶೆಲ್ಟರಿಂಗ್ ಸ್ಕೈ’ ಎಂಬ ಹಾಡಿಲ್ಲದ ದೀರ್ಘ ಕೃತಿಯಲ್ಲಿ ಬ್ರೂಫರ್ಡ್ ಮುಖ್ಯವಾಗಿ ನುಡಿಸುವುದು ಸೀಳು ಕೊರೆದ ಒಂದು ಮರದ ಡ್ರಮ್ಮನ್ನು. ಅದರ ಟೊಕ್ ಟೊಕ್ ಮೇಲೆ ಫ್ರಿಪ್ ಅವರ ಗಿಟಾರ್ ಸಿಂಥಸೈಜರ್ ಯಾವುದೋ ಮರುಭೂಮಿಯ ಊದುವಾದ್ಯದಂತೆ ಅಲೆದಾಡುತ್ತದೆ.

ಮೂರನೆಯದಾಗಿ ಹೋದದ್ದು ಸೋಲೊ. ಎಪ್ಪತ್ತರ ದಶಕದ ರಾಕ್‌ನಲ್ಲಿ ಗಿಟಾರ್ ಸೋಲೊ ಎಂದರೆ ನಾಯಕನ ಪ್ರವೇಶ; ಉಳಿದವರು ಹಿಂದೆ ಸರಿದು ದಾರಿ ಬಿಡುತ್ತಾರೆ. ‘ಡಿಸಿಪ್ಲಿನ್’ನಲ್ಲಿ ನಾಯಕನೇ ಇಲ್ಲ ಎನ್ನಬಹುದಾದ ಜಾಗಗಳೇ ಹೆಚ್ಚು. ಇಬ್ಬರು ಗಿಟಾರ್ ವಾದಕರೂ ಒಂದು ಸ್ವರವನ್ನೂ ಎತ್ತಿ ಮೆರೆಸದೆ, ಒಂದೇ ಬಲದಲ್ಲಿ ಒಂದೇ ವೇಗದಲ್ಲಿ ಮೀಟುತ್ತಿರುತ್ತಾರೆ. ಯಾರದು ಯಾವ ಸ್ವರ ಎಂದು ಗೊತ್ತಾಗುವುದಿಲ್ಲ.

ಇಷ್ಟನ್ನು ಬಿಟ್ಟು ಅವರು ಪಡೆದದ್ದು ಏನು? ಉತ್ತರ ‘ಫ್ರೇಮ್ ಬೈ ಫ್ರೇಮ್’ ಎಂಬ ಎರಡನೆಯ ಹಾಡಿನಲ್ಲಿದೆ. ಇದನ್ನು ವಿವರಿಸಲು ಕನ್ನಡದ ಕೇಳುಗನಿಗೆ ಪಾಶ್ಚಾತ್ಯ ಸಂಗೀತದ ಪಾರಿಭಾಷಿಕಗಳು ಬೇಕಿಲ್ಲ, ಕೊನ್ನಕೋಲು ಸಾಕು. ಇಬ್ಬರು ಎದುರುಬದುರು ಕುಳಿತಿದ್ದಾರೆಂದುಕೊಳ್ಳಿ. ಮಿಶ್ರದ ಏಳಕ್ಷರವನ್ನು ಇಬ್ಬರೂ ಒಟ್ಟಿಗೆ ಹೇಳುತ್ತಿದ್ದಾರೆ: ತಕಿಟ ತಕಧಿಮಿ, ತಕಿಟ ತಕಧಿಮಿ. ಎರಡು ಸಲಕ್ಕೆ ಹದಿನಾಲ್ಕು ಅಕ್ಷರ. ಈಗ ಒಬ್ಬರು ಹಾಗೆಯೇ ಮುಂದುವರಿಯುತ್ತಾರೆ. ಇನ್ನೊಬ್ಬರು ಎರಡನೆಯ ಸಲ ಕೊನೆಯ ಒಂದು ಅಕ್ಷರ ಬಿಟ್ಟು ತಕಿಟ ತಕಧಿಮಿ, ತಕಿಟ ತಕಿಟ ಎನ್ನುತ್ತಾರೆ. ಅವರದು ಹದಿಮೂರಕ್ಕೇ ಮುಗಿಯಿತು. ಮುಂದಿನ ಸುತ್ತನ್ನು ಅವರು ಒಂದು ಅಕ್ಷರ ಮೊದಲೇ ಆರಂಭಿಸಿಬಿಡುತ್ತಾರೆ. ಅದರ ಮುಂದಿನ ಸುತ್ತಿಗೆ ಎರಡು ಅಕ್ಷರ, ಆಮೇಲೆ ಮೂರು. ಇಬ್ಬರೂ ನುಡಿಯುತ್ತಿರುವುದು ಹೆಚ್ಚುಕಡಿಮೆ ಒಂದೇ ಸೊಲ್ಲುಕಟ್ಟು, ವೇಗವೂ ಒಂದೇ. ಆದರೆ ಒಬ್ಬರ ‘ತ’ ಇನ್ನೊಬ್ಬರ ‘ಧಿ’ಯ ಮೇಲೆ ಬೀಳುತ್ತಿದೆ, ‘ಕಿ’ ‘ಮಿ’ಯ ಮೇಲೆ. ಪ್ರತಿ ಸುತ್ತಿಗೂ ಈ ಜೋಡಣೆ ಬದಲಾಗುತ್ತಾ ಇಬ್ಬರಲ್ಲಿ ಯಾರೂ ನುಡಿಸದ ಮೂರನೆಯದೊಂದು ಸ್ವರವಿನ್ಯಾಸ ಗಾಳಿಯಲ್ಲಿ ಹುಟ್ಟುತ್ತದೆ. ಕೊನೆಗೆ, ಕಳೆದುಹೋದರೇನೋ ಎಂದುಕೊಳ್ಳುವಾಗ, ಎರಡೂ ಮತ್ತೆ ಒಂದೇ ಕಡೆ ಬಂದು ಸೇರುತ್ತವೆ. ಬಿಲೂ ಏಳರ ಲೆಕ್ಕ ಹಿಡಿದು ಕೂತಾಗ ಫ್ರಿಪ್ ಹದಿಮೂರರಲ್ಲಿ ಓಡುತ್ತಾರೆ. ತನಿ ಆವರ್ತನದಲ್ಲಿ ಮೃದಂಗ, ಘಟಂ ತಾಳದಿಂದ ಹೊರಗೆ ಹೋದಂತೆ ಕಂಡು ಎಡುಪಿಗೆ ಸರಿಯಾಗಿ ಬಂದು ಬೀಳುವಾಗ ಸಭೆಗೆ ಆಗುವ ಸಂತೋಷ ಇದಕ್ಕೆ ಬಹಳ ಹತ್ತಿರ.

ಇದನ್ನು ಅವರು ನಮ್ಮಿಂದ ಎರವಲು ಪಡೆದದ್ದಲ್ಲ ಎಂದು ಸ್ಪಷ್ಟವಾಗಿ ಹೇಳಬೇಕು. ಅವರ ಕಿವಿ ಇದ್ದದ್ದು ಮುಖ್ಯವಾಗಿ ಎರಡು ಕಡೆ. ಒಂದು, ಇಂಡೊನೇಷ್ಯಾದ ಬಾಲಿ ಮತ್ತು ಜಾವಾ ದ್ವೀಪಗಳ ಗಮೆಲಾನ್. ಕಂಚಿನ ತಾಳ, ಗಂಟೆ, ಪಟ್ಟಿಗಳ ಈ ಮೇಳದಲ್ಲಿ, ಬಾಲಿಯ ಪದ್ಧತಿಯಂತೆ, ಒಂದು ಸ್ವರಮಾಲೆಯನ್ನು ಇಬ್ಬರು ಹಂಚಿಕೊಂಡು ಒಬ್ಬರು ಬಿಟ್ಟ ಕಡೆ ಇನ್ನೊಬ್ಬರು ಬಡಿಯುತ್ತಾರೆ. ಒಬ್ಬನ ಕೈಗೆ ಎಟುಕದ ವೇಗ ಇಬ್ಬರಿಗೆ ಸುಲಭವಾಗಿ ಸಿಗುತ್ತದೆ. 1889ರ ಪ್ಯಾರಿಸ್ ಪ್ರದರ್ಶನದಲ್ಲಿ ಜಾವಾದ ಗಮೆಲಾನ್ ಕೇಳಿ ಫ್ರೆಂಚ್ ಸಂಗೀತಕಾರ ಡೆಬ್ಯುಸಿ ಬೆರಗಾಗಿದ್ದರು. ಎರಡನೆಯದು, ನ್ಯೂಯಾರ್ಕಿನ ಸ್ಟೀವ್ ರೈಶ್. ಒಂದೇ ಪುಟ್ಟ ಸ್ವರಮಾಲೆಯನ್ನು ಇಬ್ಬರು ಪಿಯಾನೊ ವಾದಕರು ಒಟ್ಟಿಗೆ ಆರಂಭಿಸಿ, ಒಬ್ಬರು ನಿಧಾನವಾಗಿ ಮುಂದೆ ಸರಿಯುವ ‘ಪಿಯಾನೊ ಫೇಸ್’ ಎಂಬ ಕೃತಿಯನ್ನು ಅವರು 1967ರಲ್ಲೇ ರಚಿಸಿದ್ದರು. ಹೊಸ ಕಿಂಗ್ ಕ್ರಿಮ್ಸನ್ ಈ ಎರಡನ್ನೂ ರಾಕ್‌ನ ವೇಗಕ್ಕೆ, ವಿದ್ಯುತ್ ಗಿಟಾರಿನ ಸದ್ದಿಗೆ ತಂದಿತು. ಲಯದ ಲೆಕ್ಕಾಚಾರವನ್ನು ಮಕ್ಕಳ ಪಾಠದಲ್ಲೇ ಕಲಿಸುವ ನಾಡಿನ ನಮಗೆ ಈ ಆಲ್ಬಂ ಅಪರಿಚಿತವೆನಿಸದಿದ್ದರೆ ಅದಕ್ಕೆ ಕಾರಣ ಸಾಲವಲ್ಲ, ಬೇರೆ ಬೇರೆ ದಾರಿಯಲ್ಲಿ ಹೊರಟವರು ಒಂದೇ ಗಣಿತವನ್ನು ಮುಟ್ಟಿದ್ದು.

ಆಲ್ಬಮ್ಮಿನ ಕೊನೆಯ ಕೃತಿಯ ಹೆಸರೂ ‘ಡಿಸಿಪ್ಲಿನ್’. ಹಾಡಿಲ್ಲ. ಗಿಟಾರುಗಳು ಐದರ ಗುಂಪುಗಳಲ್ಲಿ ಸುತ್ತುತ್ತವೆ, ಒಂದೊಂದು ಸ್ವರ ಕೂಡಿಸಿ ಕಳೆದು ಪರಸ್ಪರ ಜಾರುತ್ತವೆ. ಡ್ರಮ್ಸ್ ಹದಿನೇಳು ಮಾತ್ರೆಗಳ ಆವರ್ತದಲ್ಲಿದೆ. ಆದರೂ ಬ್ರೂಫರ್ಡ್ ಅವರ ಕಾಲಿನ ಡ್ರಮ್ಮು ಸಮನಾಗಿ ಬೀಳುತ್ತಿರುವುದರಿಂದ ಕೇಳುಗನ ಕಾಲು ತಾನಾಗಿ ತಾಳ ಹಾಕತೊಡಗುತ್ತದೆ. ಈ ಆಲ್ಬಮ್ಮಿನ ದೊಡ್ಡ ಸಾಧನೆ ಇದೇ ಎಂದು ನನ್ನ ನಂಬಿಕೆ. ಹಳೆಯ ಪ್ರೊಗ್ರೆಸಿವ್ ರಾಕ್ ತನ್ನ ಜಟಿಲತೆಯನ್ನು ಎದ್ದು ಕಾಣಿಸುತ್ತಿತ್ತು. ಲಯ ಮುರಿದಾಗ ಮುರಿಯಿತೆಂದು ಗೊತ್ತಾಗಬೇಕಿತ್ತು. ಇಲ್ಲಿ ಜಟಿಲತೆ ಕುಣಿತದೊಳಗೆ ಅಡಗಿದೆ. ಲೆಕ್ಕ ತಿಳಿಯದವನೂ ತಲೆದೂಗಬಹುದು, ತಿಳಿದವನು ಎಣಿಸುತ್ತಾ ಕೂರಬಹುದು.

ಇಷ್ಟೆಲ್ಲ ಹೇಳಿದಾಗ ಇದೊಂದು ಒಣ ಗಣಿತದ ಆಲ್ಬಂ ಎನಿಸಬಹುದು. ಹಾಗಾಗದಂತೆ ಕಾಪಾಡಿದವರು ಬಿಲೂ. ‘ಥೇಲಾ ಹುನ್ ಜಿಂಜೀತ್’ ಹಾಡಿನ ಪ್ರಸಂಗ ಕೇಳಿ. ನಗರದ ಬೀದಿಗಳಲ್ಲಿನ ಅಪಾಯದ ಬಗ್ಗೆ ಹಾಡು. ಅದಕ್ಕೆ ಬೇಕಾದ ಸದ್ದು ಮಾತುಗಳನ್ನು ಹುಡುಕುತ್ತಾ ಬಿಲೂ ಟೇಪ್ ರೆಕಾರ್ಡರ್ ಹಿಡಿದು ಲಂಡನ್ನಿನ ನಾಟಿಂಗ್ ಹಿಲ್ ಬೀದಿಗಳಿಗೆ ಹೋದರು. ಅಲ್ಲಿ ಒಂದು ಗುಂಪು ಅವರನ್ನು ಸುತ್ತುವರಿದು, ಯಾರು ನೀನು, ಏನು ರೆಕಾರ್ಡ್ ಮಾಡುತ್ತಿದ್ದೀಯ ಎಂದು ದಬಾಯಿಸಿತು. ಹೇಗೋ ಬಿಡಿಸಿಕೊಂಡು ಬರುವಾಗ ಪೊಲೀಸರು ಹಿಡಿದು ನಿಲ್ಲಿಸಿದರು. ನಡುಗುತ್ತಲೇ ಸ್ಟುಡಿಯೊಗೆ ಮರಳಿದ ಅವರು ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಸಂಗಡಿಗರಿಗೆ ಹೇಳತೊಡಗಿದರು. ಅಷ್ಟರಲ್ಲಿ ಫ್ರಿಪ್, ಬಿಲೂಗೆ ಗೊತ್ತಾಗದಂತೆ ರೆಕಾರ್ಡ್ ಮಾಡಲು ಎಂಜಿನಿಯರ್‌ಗೆ ಸನ್ನೆ ಮಾಡಿದ್ದರು. ಆ ಗಾಬರಿಯ, ಏದುಸಿರಿನ ಮಾತುಗಳೇ ಹಾಡಿನೊಳಗೆ ಸೇರಿದವು. ಗಡಿಯಾರದಷ್ಟು ನಿಖರವಾದ ಲಯದ ಮೇಲೆ ಒಬ್ಬ ಮನುಷ್ಯನ ನಿಜವಾದ ಭಯ. ಹಾಗೆಯೇ ‘ಇಂಡಿಸಿಪ್ಲಿನ್’ ಹಾಡಿನ ಮಾತುಗಳು, ಬಿಲೂ ಅವರ ಆಗಿನ ಪತ್ನಿ ತಾನು ರಚಿಸಿದ ಕಲಾಕೃತಿಯೊಂದರ ಬಗ್ಗೆ ಬರೆದ ಪತ್ರದಿಂದ ಹುಟ್ಟಿದವು. ಆ ಹಾಡಿನಲ್ಲಿ ಬ್ರೂಫರ್ಡ್ ಅವರ ಕಟ್ಟನ್ನೂ ಬಿಚ್ಚಿಬಿಡುತ್ತಾರೆ. ಸ್ಟಿಕ್ ನಿಧಾನವಾಗಿ ತಾಳ ಹಿಡಿದಿರುವಾಗ ಡ್ರಮ್ಸ್ ಅದರ ಸುತ್ತ ಮನಸಾರೆ ದಾಂಧಲೆ ಎಬ್ಬಿಸುತ್ತದೆ. ಬೇರೆಡೆ ಅಷ್ಟು ಬಿಗಿ ಹಿಡಿದದ್ದರಿಂದಲೇ ಈ ಬಿಡುಗಡೆಗೆ ಅಷ್ಟು ಬಲ.

ಇನ್ನು ಹೆಸರಿನ ಪ್ರಶ್ನೆ. 1981ರ ಏಪ್ರಿಲ್ 30ರಂದು ಇಂಗ್ಲೆಂಡಿನ ಬಾತ್ ಊರಿನ ಮೋಲ್ಸ್ ಎಂಬ ಚಿಕ್ಕ ಕ್ಲಬ್ಬಿನಲ್ಲಿ ಈ ನಾಲ್ವರು ಮೊದಲ ಸಲ ಜನರ ಮುಂದೆ ನುಡಿಸಿದಾಗ ಬ್ಯಾಂಡಿನ ಹೆಸರು ಕಿಂಗ್ ಕ್ರಿಮ್ಸನ್ ಆಗಿರಲಿಲ್ಲ, ಡಿಸಿಪ್ಲಿನ್ ಆಗಿತ್ತು. ನುಡಿಸುತ್ತಾ ಹೋದಂತೆ ಇದು ಕಿಂಗ್ ಕ್ರಿಮ್ಸನ್ ಎಂದು ಫ್ರಿಪ್ ಅವರಿಗೆ ಅನ್ನಿಸಿತು. ಹಳೆಯ ಹೆಸರಿಗೆ ಮಾರುಕಟ್ಟೆಯ ಬೆಲೆ ಇದ್ದೇ ಇತ್ತು, ಅದಕ್ಕಾಗಿಯೇ ಹೆಸರು ಮರಳಿತೆಂಬ ಅನುಮಾನ ಯಾರಿಗಾದರೂ ಬರುವಂಥದ್ದೇ. ಆದರೆ ಹಳೆಯ ಆಲ್ಬಂಗಳನ್ನು ತೆಗೆದು ಕೇಳಿದರೆ ಫ್ರಿಪ್ ಹೇಳಿದ್ದು ಸರಿ ಎನಿಸುತ್ತದೆ. 1974ರ ‘ಸ್ಟಾರ್‌ಲೆಸ್ ಅಂಡ್ ಬೈಬಲ್ ಬ್ಲ್ಯಾಕ್’ ಆಲ್ಬಮ್ಮಿನ ಕೊನೆಯಲ್ಲಿ ‘ಫ್ರ್ಯಾಕ್ಚರ್’ ಎಂಬ ಕೃತಿಯಿದೆ. ಅದರ ನಡುವೆ ಫ್ರಿಪ್ ಒಬ್ಬರೇ, ಒಂದು ತಂತಿಯಿಂದ ಇನ್ನೊಂದಕ್ಕೆ ಹಾರುತ್ತಾ, ನಿಮಿಷಗಟ್ಟಲೆ ಒಂದೂ ಬಿಡುವಿಲ್ಲದೆ ಸಮ ಸ್ವರಗಳನ್ನು ಮೀಟುತ್ತಾ ಹೋಗುತ್ತಾರೆ. ಗಿಟಾರ್ ಕಲಿಯುವವರು ಇಂದಿಗೂ ಬೆವರುವ ಭಾಗ ಅದು. 1981ರ ಎರಡು ಗಿಟಾರುಗಳ ನೇಯ್ಗೆ ಅಲ್ಲಿಂದಲೇ ಮೊಳೆತದ್ದು. ಆಗ ಅದು ಮೆಲೊಟ್ರಾನ್, ಪಿಟೀಲು, ಅಬ್ಬರದ ನಡುವೆ ಒಂದು ಮೂಲೆಯಲ್ಲಿತ್ತು. ಸುತ್ತಲಿನದನ್ನು ತೆಗೆದು ಆ ಮೂಲೆಗೆ ಬೆಳಕು ಬಿಟ್ಟಾಗ ಅದೇ ಇಡೀ ಬ್ಯಾಂಡಾಯಿತು.

ಇಲ್ಲಿಗೆ ಕತೆ ಮುಗಿದಿದ್ದರೆ ಅದು ಬರೀ ಗೆಲುವಿನ ಕತೆಯಾಗುತ್ತಿತ್ತು. ಇದೇ ನಾಲ್ವರು 1982ರಲ್ಲಿ ‘ಬೀಟ್’, 1984ರಲ್ಲಿ ‘ಥ್ರೀ ಆಫ್ ಎ ಪರ್ಫೆಕ್ಟ್ ಪೇರ್’ ತಂದರು. ಎರಡರಲ್ಲೂ ಸೊಗಸಾದ ಹಾಡುಗಳಿವೆ. ಆದರೆ ಹೊಸದಾಗಿದ್ದ ವಿಧಾನ ಆ ಹೊತ್ತಿಗೆ ಅಭ್ಯಾಸವಾಗುತ್ತಿತ್ತು. ಎರಡು ಗಿಟಾರುಗಳು ಹೀಗೆ ಆರಂಭವಾದರೆ ಮುಂದೆ ಹೀಗಾಗುತ್ತದೆ ಎಂದು ಕೇಳುಗ ಊಹಿಸಬಹುದಿತ್ತು. ಮೂರನೆಯ ಆಲ್ಬಮ್ಮಿನಲ್ಲಿ ಒಂದು ಬದಿ ನೇರ ಹಾಡುಗಳು, ಇನ್ನೊಂದು ಬದಿ ಒರಟು ಪ್ರಯೋಗಗಳು ಎಂದು ಬ್ಯಾಂಡೇ ಎರಡಾಗಿ ಸೀಳಿಕೊಂಡಂತೆ ಕೇಳುತ್ತದೆ. 1984ರಲ್ಲಿ ಫ್ರಿಪ್ ಮತ್ತೆ ಬಾಗಿಲು ಹಾಕಿದರು. ಬಿಡುವುದರಿಂದ ಹುಟ್ಟಿದ ನಿಯಮಕ್ಕೂ ಆಯಸ್ಸಿದೆ, ಅದನ್ನೂ ಒಂದು ದಿನ ಬಿಡಬೇಕು ಎಂಬುದನ್ನು ಅವರು ಬಲ್ಲರು. ಹತ್ತು ವರ್ಷ ಬಿಟ್ಟು ಇಬ್ಬರು ಗಿಟಾರ್, ಇಬ್ಬರು ಬೇಸ್, ಇಬ್ಬರು ಡ್ರಮ್ಸ್ ಎಂಬ ಆರು ಮಂದಿಯ ತಂಡವಾಗಿ ಬಂದರು. 2014ರಿಂದ 2021ರವರೆಗೆ ವೇದಿಕೆಯ ಮುಂಭಾಗದಲ್ಲೇ ಮೂವರು ಡ್ರಮ್ಮರ್‌ಗಳನ್ನು ಕೂರಿಸಿ, 1969ರ ಹಾಡುಗಳನ್ನೂ ‘ಇಂಡಿಸಿಪ್ಲಿನ್’ ಅನ್ನೂ ಒಂದೇ ಕಛೇರಿಯಲ್ಲಿ ನುಡಿಸಿದರು. ಕೊನೆಯ ಕಛೇರಿ 2021ರ ಡಿಸೆಂಬರಿನಲ್ಲಿ ಟೋಕಿಯೊದಲ್ಲಿ ನಡೆಯಿತು. ಎಂಬತ್ತರ ದಶಕದ ಆ ಮೂರು ಆಲ್ಬಂಗಳ ಮೇಲಿನ ಪ್ರೀತಿ ಮಾತ್ರ ಆರಲಿಲ್ಲ. 2024ರಲ್ಲಿ ಬಿಲೂ ಮತ್ತು ಲೆವಿನ್, ಗಿಟಾರ್ ವಾದಕ ಸ್ಟೀವ್ ವೈ ಹಾಗೂ ಟೂಲ್ ಬ್ಯಾಂಡಿನ ಡ್ರಮ್ಮರ್ ಡ್ಯಾನಿ ಕ್ಯಾರಿ ಜೊತೆಗೂಡಿ ‘ಬೀಟ್’ ಎಂಬ ಹೆಸರಿನಲ್ಲಿ ಅದೇ ಹಾಡುಗಳನ್ನು ಊರೂರಿಗೆ ಕೊಂಡೊಯ್ದರು.

ಈ ಸಂಗತಿ ನಮ್ಮ ಕಾಲದ ಕೇಳುಗರಿಗೂ ಸಂಬಂಧಿಸಿದ್ದು. ಸ್ವೀಡನ್ನಿನ ಓಪೆತ್ ಬ್ಯಾಂಡಿನ ಉದಾಹರಣೆ ಬೆಂಗಳೂರಿನ ರಾಕ್ ಪ್ರಿಯರಿಗೆ ಚೆನ್ನಾಗಿ ಗೊತ್ತು. 2012ರಲ್ಲಿ ಅವರು ಇಲ್ಲಿ ಬಂದು ನುಡಿಸಿದ್ದರು. ಅದರ ಹಿಂದಿನ ವರ್ಷ ಬಂದ ‘ಹೆರಿಟೇಜ್’ ಆಲ್ಬಮ್ಮಿನಲ್ಲಿ ಬ್ಯಾಂಡಿನ ಗಾಯಕ ಮಿಕಾಯೆಲ್ ಓಕರ್‌ಫೆಲ್ಟ್ ತಮ್ಮ ಗುರುತಾಗಿದ್ದ ಗಂಟಲಿನ ಗರ್ಜನೆಯನ್ನೇ ಬಿಟ್ಟುಬಿಟ್ಟಿದ್ದರು. ಹಳೆಯ ಅಭಿಮಾನಿಗಳಲ್ಲಿ ಅನೇಕರು ಕೆರಳಿದರು. ನಾಲ್ಕು ಆಲ್ಬಂಗಳ ಕಾಲ ಗರ್ಜನೆಯಿಲ್ಲದೆ ನಡೆದು, 2024ರ ‘ದ ಲಾಸ್ಟ್ ವಿಲ್ ಅಂಡ್ ಟೆಸ್ಟಮೆಂಟ್’ನಲ್ಲಿ ಅದನ್ನು ಮರಳಿ ತಂದರು. ಮರಳಿ ಬಂದ ಗರ್ಜನೆ ಹಳೆಯದರಂತಿಲ್ಲ. ನಡುವಿನ ವರ್ಷಗಳಲ್ಲಿ ಕಲಿತ ಸಂಯೋಜನೆಯ ಸೂಕ್ಷ್ಮ ಅದರ ಬೆನ್ನಿಗಿದೆ. ‘ಹೆರಿಟೇಜ್’ ಅನ್ನು ಮಿಕ್ಸ್ ಮಾಡಿದ ಸ್ಟೀವನ್ ವಿಲ್ಸನ್ ಅವರೇ ‘ಡಿಸಿಪ್ಲಿನ್’ ಆಲ್ಬಮ್ಮನ್ನೂ ಕಿಂಗ್ ಕ್ರಿಮ್ಸನ್ ಬ್ಯಾಂಡಿನ ನಲವತ್ತನೆಯ ವರ್ಷದ ಆವೃತ್ತಿಗಳ ಸರಣಿಗಾಗಿ ಹೊಸದಾಗಿ ಮಿಕ್ಸ್ ಮಾಡಿದರು. ಎರಡು ತಲೆಮಾರಿನ ಈ ಎರಡು ಬದಲಾವಣೆಗಳೂ ಒಂದೇ ಕಿವಿಯ ಮೂಲಕ ಹಾದುಬಂದಿವೆ.

ಮೆಚ್ಚಿದ ಬ್ಯಾಂಡು ಸದ್ದು ಬದಲಿಸಿದಾಗ ನೋವಾಗುವುದು ಸಹಜ. ಆ ಹಾಡುಗಳ ಜೊತೆ ನಮ್ಮ ಹರೆಯ, ನಮ್ಮ ಗೆಳೆತನ, ನಮ್ಮ ರಾತ್ರಿಗಳು ಹೆಣೆದುಕೊಂಡಿರುತ್ತವೆ. ಆದರೆ ತೀರ್ಪಿಗೆ ಮುಂಚೆ ಕೇಳಬೇಕಾದ ಪ್ರಶ್ನೆಗಳು ‘ಡಿಸಿಪ್ಲಿನ್’ನಿಂದ ಸಿಗುತ್ತವೆ. ಇವರು ಏನನ್ನು ಬಿಟ್ಟರು? ತೆರವಾದ ಜಾಗದಲ್ಲಿ, ಮೊದಲು ಕೇಳಿಸದಿದ್ದ ಏನಾದರೂ ಈಗ ಕೇಳಿಸುತ್ತಿದೆಯೇ? ಅದರ ಬೀಜ ಹಳೆಯ ಆಲ್ಬಂಗಳಲ್ಲಿ ಎಲ್ಲಾದರೂ ಇತ್ತೇ? ಬಿಟ್ಟ ಜಾಗ ಖಾಲಿಯಾಗಿಯೇ ಉಳಿದಿದ್ದರೆ, ಅಥವಾ ಅಲ್ಲಿಗೆ ಆ ವರ್ಷದ ಫ್ಯಾಶನ್ ಮಾತ್ರ ಬಂದು ಕೂತಿದ್ದರೆ, ಆ ಆಲ್ಬಮ್ಮನ್ನು ನಿಸ್ಸಂಕೋಚವಾಗಿ ತಿರಸ್ಕರಿಸಬಹುದು. ಹೊಸದೊಂದು ಕೇಳಿಸುತ್ತಿದ್ದರೆ ಇಷ್ಟವಾಗುವವರೆಗೆ ಅದಕ್ಕೆ ಸಮಯ ಕೊಡುವುದು ಕೇಳುಗನ ಕರ್ತವ್ಯ.

ಇದನ್ನು ಪರೀಕ್ಷಿಸಲು ಮೂರು ಹಂತದ ಕೇಳ್ಮೆ ಸಾಕು. ಮೊದಲು ‘ಫ್ರ್ಯಾಕ್ಚರ್’. ಆಮೇಲೆ ‘ಫ್ರೇಮ್ ಬೈ ಫ್ರೇಮ್’, ಹೆಡ್‌ಫೋನ್ ಹಾಕಿಕೊಂಡು, ಎರಡು ಗಿಟಾರುಗಳನ್ನು ಬೇರೆ ಬೇರೆಯಾಗಿ ಹಿಡಿಯಲು ಯತ್ನಿಸುತ್ತಾ, ಒಂದು ಕೈಯಲ್ಲಿ ಏಳರ ತಾಳ ಹಾಕುತ್ತಾ. ಕೊನೆಗೆ ‘ಡಿಸಿಪ್ಲಿನ್’, ಎಣಿಕೆಯನ್ನೆಲ್ಲ ಬಿಟ್ಟು. ಒಂದು ಬ್ಯಾಂಡು ತನ್ನ ಗುರುತುಗಳನ್ನೆಲ್ಲ ಕಳಚಿಯೂ ತಾನಾಗಿಯೇ ಉಳಿಯಬಲ್ಲದು ಎಂಬ ಮಾತನ್ನು ಒಪ್ಪಲು ಅಷ್ಟು ಹೊತ್ತು ಧಾರಾಳ.